ನಮ್ಮ ಸಂಸ್ಥಾನದ ಗೋಲಿ

ನಮ್ಮ ತಂದೆಯವರು ಶಾಲಾ ಮಾಸ್ತರರು. ವರ್ಗವಾದಂತೆಲ್ಲ ನಾವು ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ಊರುಗಳಲ್ಲಿ ಗಂಟುಮೂಟೆ ಬಿಚ್ಚಿ ಕಟ್ಟಿದೆವು. ಹೀಗಾಗಿ ನನ್ನ ಬಾಲ್ಯ ಮೂರು ಪಾಲಾಗಿದೆ. ಆಳಂದದ ಪಾಲಿಗೆ ಲಾಡ್ಲೆ ಮಶಾಕರ ಉರುಸು, ಅಫಜಲಪುರದ ಪಾಲಿಗೆ ಗಾಣಗಾಪುರದ ದತ್ತಭಕ್ತರ ಸಾಲು, ಜೇವರ್ಗಿಯ ಪಾಲಿಗೆ ಭೀಮಾನದಿ. ಮೂರಕ್ಕೂ ಸಮಾನವಾಗಿದ್ದುದು ಕರಿಯ ಎರೆಮಣ್ಣು ಮತ್ತು ಅದರ ಮೇಲೆ ನಾವು ಆಡುತ್ತಿದ್ದ ಕಾಲ್ಚೆಂಡಾಟ.

ಎರಡು ಕಲ್ಲಿಟ್ಟರೆ ಅದೇ ಗೋಲು. ನಾರುಹುಣ್ಣಾಗಿ ಒಂದು ವರ್ಷ ಕುಂಟುತ್ತಿದ್ದ ನನ್ನನ್ನು ಗೆಳೆಯರು ಅಲ್ಲಿ ನಿಲ್ಲಿಸುತ್ತಿದ್ದರು. ಓಡಲಾರದವನಿಗೆ ಅದೇ ತಕ್ಕ ಜಾಗವೆಂದು ಅವರ ತೀರ್ಮಾನ; ನನ್ನದೂ ಅದೇ. ಚೆಂಡು ಒಳಗೆ ಹೋದರೆ ಬೈಗುಳ ನನಗೆ. ತಡೆದರೆ ಯಾರೂ ಮಾತಾಡುತ್ತಿರಲಿಲ್ಲ.

1962ರ ಸೆಪ್ಟೆಂಬರಿನಲ್ಲಿ ನಾವು ಜೇವರ್ಗಿಯಲ್ಲಿದ್ದೆವು. ಕಲಬುರ್ಗಿಯಿಂದ ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ತಂದೆಯವರು ಕಟ್ಟೆಯ ಮೇಲೆ ಕುಳಿತು ಓದುತ್ತಿದ್ದರು. ಜಕಾರ್ತಾದ ಏಷ್ಯನ್ ಕ್ರೀಡೆಗಳಲ್ಲಿ ಭಾರತ ಕಾಲ್ಚೆಂಡಿನ ಚಿನ್ನ ಗೆದ್ದ ಸುದ್ದಿ. ನನ್ನನ್ನು ಕರೆದು ಹೇಳಿದರು: “ತಮ್ಮಾ, ಈ ತಂಗರಾಜ ಅಂಬಾಂವ ನಮ್ಮ ಸಂಸ್ಥಾನದಾಂವ ನೋಡು. ಇವನೂ ನಿನ್ನಂಗ ಗೋಲಿನ್ಯಾಗೇ ನಿಂದರಾಂವ.”

ನಮ್ಮ ಸಂಸ್ಥಾನ! ಆ ಮಾತು ಆಡುವ ಹೊತ್ತಿಗೆ ಆ ಸಂಸ್ಥಾನ ಇಲ್ಲವಾಗಿ ಸುಮಾರು ಆರು ವರ್ಷಗಳಾಗಿದ್ದವು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಭಾಷೆಯ ಗೆರೆಯಂತೆ ಮೂರಾಯಿತು. ತೆಲಂಗಾಣ ಆಂಧ್ರಕ್ಕೆ, ಮರಾಠವಾಡ ಮುಂಬಯಿಗೆ, ಬೀದರ, ಕಲಬುರ್ಗಿ, ರಾಯಚೂರುಗಳು ಮೈಸೂರಿಗೆ ಸೇರಿದವು. ನಮ್ಮವರು ಬಹುಕಾಲ ಬಯಸಿದ್ದ ಏಕೀಕರಣವದು. ಆದರೆ ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ಪಾಠ ಹೇಳುತ್ತಿದ್ದ ನಮ್ಮ ತಂದೆಯವರ ಬಾಯಿಂದ ಹಳೆಯ ಹೆಸರು ಅಷ್ಟು ಬೇಗ ಹೋಗಲಿಲ್ಲ.

ಪೀಟರ್ ತಂಗರಾಜ್ ಹುಟ್ಟಿದ್ದು 1935ರ ಡಿಸೆಂಬರ್ 24ರಂದು, ಹೈದರಾಬಾದಿನಲ್ಲಿ. ಅಂದರೆ ಅಂದು ಆಳಂದದ ರೈತನಿಗೂ ಜೇವರ್ಗಿಯ ವ್ಯಾಪಾರಿಗೂ ಯಾವುದು ರಾಜಧಾನಿಯೋ ಅದೇ ಊರಿನಲ್ಲಿ. ಹೆಸರು ಕ್ರೈಸ್ತರದು, ಮನೆತನ ತಮಿಳರದು, ಬೆಳೆದ ಪರಿಸರ ಉರ್ದು ತೆಲುಗುಗಳದು. 1953ರಲ್ಲಿ ಸೈನ್ಯಕ್ಕೆ ಸೇರಿ ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿದ್ದ ಮದರಾಸು ರೆಜಿಮೆಂಟಿನ ಕೇಂದ್ರಕ್ಕೆ ಹೋದರು. ಮೊದಲು ಆತ ಗೋಲಿಯೇ ಅಲ್ಲ. ಮುಂಚೂಣಿಯಲ್ಲಿ ನಿಂತು ಗೋಲು ಹೊಡೆಯುವ ಆಟಗಾರ. ಆರಡಿಗೂ ಮಿಕ್ಕಿದ ಆ ಎತ್ತರ, ನೀಳವಾದ ಆ ತೋಳುಗಳು ಮುಂದೆ ಅವರನ್ನು ಹಿಂದಕ್ಕೆ ತಂದು ನಿಲ್ಲಿಸಿದವು. ಆ ತಂಡ 1955ರಲ್ಲಿಯೂ 1958ರಲ್ಲಿಯೂ ಡ್ಯೂರಾಂಡ್ ಕಪ್ ಗೆದ್ದಿತು.

1956ರ ಮೆಲ್ಬೋರ್ನ್ ಒಲಿಂಪಿಕ್ಸಿಗೆ ಹೋದ ಇಬ್ಬರು ಗೋಲಿಗಳಲ್ಲಿ ತಂಗರಾಜ್ ಒಬ್ಬರು, ಎಸ್. ಎಸ್. ನಾರಾಯಣ್ ಇನ್ನೊಬ್ಬರು. ಅದೇ ತಂಡದಲ್ಲಿ ಮೈಸೂರಿನ ಕೆಂಪಯ್ಯನವರೂ ಇದ್ದರು. ಡಿಸೆಂಬರ್ 1ರಂದು ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ, ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ನಾವು ಮೈಸೂರು ರಾಜ್ಯಕ್ಕೆ ಸೇರಿ ಆಗ ಸರಿಯಾಗಿ ಒಂದು ತಿಂಗಳು. ತಂಡದ ಗುರು ಸಯ್ಯದ್ ಅಬ್ದುಲ್ ರಹೀಂ ಕೂಡ ಹೈದರಾಬಾದಿನವರೇ. ಶಾಲಾ ಮಾಸ್ತರಿಕೆ ಮಾಡಿದವರು. ಅವರ ಕೈಯಲ್ಲಿ ಹೈದರಾಬಾದ್ ನಗರ ಪೊಲೀಸ್ ತಂಡ 1950ರಿಂದ 1954ರವರೆಗೆ ಒಂದೇ ಸಮನೆ ಐದು ಸಲ ರೋವರ್ಸ್ ಕಪ್ ಗೆದ್ದಿತ್ತು. ರಾಜ್ಯ ಅಳಿದರೂ ಅದು ಕಲಿಸಿದ ಆಟ ಅಳಿದಿರಲಿಲ್ಲ.

1960ರ ರೋಮ್ ಒಲಿಂಪಿಕ್ಸಿನಲ್ಲಿ ಗೋಲು ಕಾಯ್ದವರು ತಂಗರಾಜ್. ಭಾರತ ಹಂಗೆರಿಗೆ ಒಂದೇ ಗೋಲಿನಿಂದ ಸೋತು, ಫ್ರಾನ್ಸಿನೊಡನೆ 1-1ರಿಂದ ಸಮ ಮಾಡಿಕೊಂಡು, ಪೆರುವಿಗೆ ಮಣಿದು ಹಿಂದಿರುಗಿತು.

ಇನ್ನು ಜಕಾರ್ತಾ. ಅಲ್ಲಿ ಜ್ವರದಿಂದ ಮಲಗಿದ ತಂಗರಾಜರ ಬದಲಿಗೆ ಬಂಗಾಳದ ಪ್ರದ್ಯೋತ್ ಬರ್ಮನ್ ಗೋಲು ಕಾಯುತ್ತ ಬಂದರು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯ ಭಾರತವನ್ನು 2-0ಯಿಂದ ಸೋಲಿಸಿತು. ಅದೇ ಕೊರಿಯ ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಮತ್ತೆ ಎದುರಾಯಿತು. ಇಸ್ರೇಲ್ ಮತ್ತು ತೈವಾನ್‌ಗಳನ್ನು ಹೊರಗಿಟ್ಟದ್ದನ್ನು ಭಾರತದ ಜಿ. ಡಿ. ಸೋಂಧಿ ಖಂಡಿಸಿದ್ದರಿಂದ ಊರು ಕೆರಳಿ, ನಮ್ಮ ರಾಯಭಾರ ಕಚೇರಿಯ ಮೇಲೆ ದಾಳಿಯೂ ಆಗಿತ್ತು. ಕ್ರೀಡಾಂಗಣ ತುಂಬಿದ್ದ ಜನ ಭಾರತಕ್ಕೆ ಎದುರಾಗಿ ಕೂಗುತ್ತಿತ್ತು. ಅಂಥ ದಿನ ರಹೀಂ ಸಾಹೇಬರು ಜ್ವರದಿಂದ ಎದ್ದ ತಂಗರಾಜರನ್ನು ಗೋಲಿನಲ್ಲಿ ನಿಲ್ಲಿಸಿದರು. ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಕ ಜರ್ನೈಲ್ ಸಿಂಗರನ್ನು ಮುಂಚೂಣಿಗೆ ಕಳಿಸಿದರು. ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು; ಕೊರಿಯಕ್ಕೆ ಕಡೆಯಲ್ಲಿ ಒಂದೇ ಗೋಲು ಸಿಕ್ಕಿತು. 2-1. ಆ ಚಿನ್ನ ಮತ್ತೆ ಭಾರತಕ್ಕೆ ಬಂದಿಲ್ಲ. ಆ ಹೊತ್ತಿಗಾಗಲೇ ಅರ್ಬುದ ರೋಗಕ್ಕೆ ತುತ್ತಾಗಿದ್ದ ರಹೀಂ 1963ರ ಜೂನಿನಲ್ಲಿ ತೀರಿಕೊಂಡರು.

ತಂಗರಾಜ್ ಕಲಕತ್ತೆಗೆ ಹೋದರು. ಮೊಹಮ್ಮದನ್ ಸ್ಪೋರ್ಟಿಂಗ್, ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಈ ಮೂರು ಎದುರಾಳಿ ತಂಡಗಳೂ ಅವರನ್ನು ಬಯಸಿ ಬರಮಾಡಿಕೊಂಡವು. 1964ರ ಏಷ್ಯಾ ಕಪ್ಪಿನಲ್ಲಿ ಭಾರತ ಎರಡನೆಯದಾದಾಗಲೂ ಗೋಲಿನಲ್ಲಿದ್ದವರು ಅವರೇ. 1967ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು.

1971ರಲ್ಲಿ ಆಟ ನಿಲ್ಲಿಸಿ ಅವರು ತರಬೇತಿಗೆ ಇಳಿದರು. ಕೊನೆಗೆ ನೆಲೆಸಿದ್ದು ಬೊಕಾರೊದಲ್ಲಿ, ಉಕ್ಕಿನ ಕಾರ್ಖಾನೆಯ ಊರಿನಲ್ಲಿ. ಅಲ್ಲಿನ ಹುಡುಗರಿಗೆ ಕಲಿಸುತ್ತ ವರ್ಷಗಳನ್ನು ಕಳೆದರು. ಗೋಲಿ ತರಬೇತುದಾರನಾಗುವುದು ನನಗೆ ಸಹಜವಾಗಿಯೇ ಕಾಣುತ್ತದೆ. ಉಳಿದವರು ಚೆಂಡಿನ ಹಿಂದೆ ಓಡುವಾಗ ಅವನೊಬ್ಬನೇ ನಿಂತು ಇಡೀ ಮೈದಾನ ನೋಡುತ್ತಾನೆ. ಯಾರು ಜಾಗ ಬಿಟ್ಟರು, ಅಪಾಯ ಎಲ್ಲಿಂದ ಬಂದೀತು ಎಂದು ಕೂಗಿ ಹೇಳುತ್ತಾನೆ. ಫಲವೂ ಎರಡೂ ಕೆಲಸಕ್ಕೆ ಒಂದೇ: ಸೋತರೆ ದೂರು ಅವನ ಮೇಲೆ, ಗೆದ್ದರೆ ಹಾರ ಬೇರೆಯವರ ಕೊರಳಿಗೆ. ನಮ್ಮ ತಂದೆಯವರ ಉದ್ಯೋಗವೂ ಇದೇ ಜಾತಿಯದೆಂದು ನನಗೆ ತಡವಾಗಿ ಹೊಳೆಯಿತು.

2008ರ ನವೆಂಬರಿನಲ್ಲಿ ತಂಗರಾಜ್ ಬೊಕಾರೊದಲ್ಲಿ ತೀರಿಕೊಂಡರು. ತಂದೆಯವರು ಆಗ ಇರಲಿಲ್ಲ. ಇದ್ದಿದ್ದರೆ “ನಮ್ಮಾಂವ ಹೋದ” ಎನ್ನುತ್ತಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಸೀಮೆಯ ಹೆಸರೂ ಈಗ ಬದಲಾಗಿದೆ. 2019ರಿಂದ ಅದು ಹೈದರಾಬಾದ್ ಕರ್ನಾಟಕವಲ್ಲ, ಕಲ್ಯಾಣ ಕರ್ನಾಟಕ. ಸರಿಯಾದುದೇ. ಆ ಹಳೆಯ ಹೆಸರಿನೊಡನೆ ರಜಾಕಾರರ ಹಾವಳಿಯ, ಹಿಂದುಳಿದ ದಿನಗಳ ನೆನಪು ಅಂಟಿಕೊಂಡಿದೆ. ಆದರೆ ನೋವಿನ ಲೆಕ್ಕ ಬರೆದಿಡುವಾಗ ಒಳ್ಳೆಯದೊಂದು ಬಿಟ್ಟುಹೋಗಬಾರದು. ಒಂದು ಕಾಲಕ್ಕೆ ನಾವೂ ತಂಗರಾಜರೂ ಒಂದೇ ರಾಜಧಾನಿಯ ಕಡೆ ಮುಖ ಮಾಡಿದ್ದವರು.

ಕಳೆದ ಬೇಸಿಗೆಯಲ್ಲಿ ಜೇವರ್ಗಿಗೆ ಹೋಗಿದ್ದೆ. ಊರಾಚೆ ಹುಡುಗರು ಚೆಂಡಾಡುತ್ತಿದ್ದರು. ಎರಡು ಕಲ್ಲುಗಳ ನಡುವೆ ಎಲ್ಲರಿಗಿಂತ ಚಿಕ್ಕವನು ನಿಂತಿದ್ದ. “ನಿನ್ನನ್ನ ಯಾಕಪಾ ಇಲ್ಲಿ ನಿಂದರಿಸ್ಯಾರ?” ಎಂದೆ. “ನನಗ ಓಡಾಕ ಬರಂಗಿಲ್ರೀ ಅಜ್ಜಾ” ಎಂದ. ಅಲ್ಲಿಯೇ ಕಲ್ಲಿನ ಮೇಲೆ ಕುಳಿತು, ಚೆಂಡು ಆಚೆ ಕಡೆ ಇದ್ದಷ್ಟು ಹೊತ್ತು, ಅವನಿಗೆ ತಂಗರಾಜರ ಕತೆ ಹೇಳಿದೆ.