ಸಸ್ಯಕ್ಷೇತ್ರ ಹಾಗೂ ನೆಡುತೋಪುಗಳಲ್ಲಿ ಗೊಣ್ಣೆಹುಳು: ಜೈವಿಕ ನಿಯಂತ್ರಣ ಮತ್ತು ಮಾನವ ಆರೋಗ್ಯ

2011-12ನೇ ಸಾಲಿನಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ವಲಯ ಅರಣ್ಯ ಕಚೇರಿಯಲ್ಲಿ ನೋಂದಾಯಿಸಿಕೊಂಡು ಸಸಿ ಪಡೆಯುವ ರೈತರಿಗೆ, ಬದುಕುಳಿದ ಸಸಿಗಳ ಸಂಖ್ಯೆಯನ್ನು ಆಧರಿಸಿ ಪ್ರೋತ್ಸಾಹಧನ ನೀಡಲಾಗುತ್ತದೆ. ಆದುದರಿಂದ ಬೇರು ತಿನ್ನುವ ಗೊಣ್ಣೆಹುಳುವಿನ ಬಗ್ಗೆ ಅರ್ಜಿದಾರರು ತಿಳಿದಿರುವುದು ಅವಶ್ಯಕ. ತೇಗದ ಎಳೆಯ ಸಸಿಯು ತೇವವಿದ್ದರೂ ಬಾಡಿ, ಮೆಲ್ಲನೆ ಎಳೆದಾಗ ಬೇರಿಲ್ಲದೆ ಕೈಗೆ ಬಂದಲ್ಲಿ ಈ ಹುಳುವಿನ ಬಾಧೆಯನ್ನು ಶಂಕಿಸಬಹುದು.

ಗೊಣ್ಣೆಹುಳು ಒಂದು ದುಂಬಿಯ ಮರಿಹುಳು. ರಾಜ್ಯದಲ್ಲಿ ಸಾಮಾನ್ಯವಾಗಿ ಕಾಣುವ ಹೊಲೊಟ್ರೈಕಿಯಾ ಸೆರ್ರಾಟ ಎಂಬ ಪ್ರಭೇದದ ದುಂಬಿಗಳು ಮುಂಗಾರು ಪೂರ್ವದ ಮೊದಲ ಹದ ಮಳೆಯ ನಂತರ ಮುಸ್ಸಂಜೆಯಲ್ಲಿ ಮಣ್ಣಿನಿಂದ ಹೊರಬಂದು ಬೇವು, ಜಾಲಿ ಮುಂತಾದ ಮರಗಳ ಎಲೆ ತಿಂದು, ಮಣ್ಣಿಗೆ ಮರಳಿ ಮೊಟ್ಟೆಯಿಡುತ್ತವೆ. ಮರಿಹುಳುವಿಗೆ ಮೂರು ಹಂತಗಳಿದ್ದು, ಮೂರನೆಯ ಹಂತದಲ್ಲಿ ಹಾನಿ ಅತಿ ಹೆಚ್ಚು. ತಿಪ್ಪೆಯಲ್ಲಿ ಕಾಣುವ ದಪ್ಪ ಬಿಳಿ ಹುಳುಗಳೆಲ್ಲವೂ ಬೇರು ತಿನ್ನುವವಲ್ಲ. ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿಹುಳು ಕೊಳೆತ ಗೊಬ್ಬರವನ್ನಷ್ಟೇ ತಿಂದು ಬೆಳೆಯುತ್ತದೆ. ಎಲ್ಲವನ್ನೂ ಒಂದೇ ಎಂದು ಬಗೆದು ವಿಷ ಸುರಿಯುವುದು ವ್ಯರ್ಥ.

ಈ ಹುಳುವಿಗೆ ದೀರ್ಘಕಾಲ ಬಳಸಲಾಗುತ್ತಿದ್ದ ಫೋರೇಟ್ ಹರಳು ಬೇಗನೆ ಕೆಲಸ ಮಾಡುತ್ತಿತ್ತು. ಅದೇ ವೇಗದಲ್ಲಿ ಮನುಷ್ಯರಿಗೂ ತಗಲುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಅತ್ಯಂತ ಅಪಾಯಕಾರಿ ಕೀಟನಾಶಕಗಳ ವರ್ಗದಲ್ಲಿ ಸೇರಿಸಿದೆ. ಕೇಂದ್ರ ಸರ್ಕಾರದ 2018ರ ಆದೇಶದಂತೆ 31-12-2020ರಿಂದ ಇದರ ಬಳಕೆ ನಿಷಿದ್ಧ. ಹಳೆಯ ದಾಸ್ತಾನು ಉಳಿದಿದ್ದಲ್ಲಿ ಅದನ್ನು ಕೆರೆ, ಬಾವಿಗೆ ಸುರಿಯದೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.

ಪರ್ಯಾಯದ ಶೋಧನೆ ಹೊಸದೇನಲ್ಲ. 1879ರಲ್ಲಿ ಒಡೆಸ್ಸಾ ಪ್ರದೇಶದಲ್ಲಿ ವಿಜ್ಞಾನಿ ಮೆಚ್ನಿಕಾಫ್ ಅವರು ಗೋಧಿ ಬೆಳೆಯ ದುಂಬಿಯ ಮರಿಹುಳುಗಳನ್ನು ಕೊಲ್ಲುವ ಹಸಿರು ಶಿಲೀಂಧ್ರವೊಂದನ್ನು ಅಧ್ಯಯನ ಮಾಡಿದರು. ಅದೇ ಇಂದಿನ ಮೆಟಾರೈಜಿಯಂ. ಇದರ ಬೀಜಕಣವು ಹುಳುವಿನ ಚರ್ಮಕ್ಕೆ ಅಂಟಿ, ಮೊಳೆತು, ಒಳಹೊಕ್ಕು ಅದನ್ನು ಕೊಲ್ಲುತ್ತದೆ. ಇದಕ್ಕೆ ತೇವ ಬೇಕು, ಬಿಸಿಲು ಹಾನಿಕರ. ಫಲಿತಾಂಶಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಆದಕಾರಣ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ, ಮಳೆಗಾಲದ ಆರಂಭದಲ್ಲಿಯೇ ಮಣ್ಣಿಗೆ ಸೇರಿಸುವುದು ಸೂಕ್ತ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಹೆಟೆರೊರಾಬ್ಡಿಟಿಸ್ ಇಂಡಿಕಾ ಎಂಬ ಸೂಕ್ಷ್ಮ ಜಂತುಹುಳುವಿನ ಪುಡಿಯನ್ನು ಗೊಣ್ಣೆಹುಳು ನಿಯಂತ್ರಣಕ್ಕಾಗಿ ಅಭಿವೃದ್ಧಿಪಡಿಸಿದೆ. ಈ ಜಂತು ತನ್ನೊಡನೆ ಒಯ್ಯುವ ಬ್ಯಾಕ್ಟೀರಿಯಾದಿಂದ ಹುಳು ಸತ್ತು ಇಟ್ಟಿಗೆಯ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಜಾನುವಾರುಗಳಿಗೆ ಇದರಿಂದ ತೊಂದರೆಯಿಲ್ಲ. ಜೈವಿಕವೆಂದ ಮಾತ್ರಕ್ಕೆ ಅಜಾಗರೂಕತೆ ಸಲ್ಲದು: ಶಿಲೀಂಧ್ರದ ಪುಡಿಯ ಧೂಳು ಕೆಲವರಿಗೆ ಅಲರ್ಜಿ ಉಂಟುಮಾಡಬಹುದಾದ್ದರಿಂದ ಬಾಯಿ, ಮೂಗನ್ನು ಬಟ್ಟೆಯಿಂದ ಮುಚ್ಚಿಕೊಳ್ಳುವುದು.

ಯಾವ ಔಷಧಿಯೂ ಇಲ್ಲದ ಕ್ರಮವೂ ಒಂದಿದೆ. ಮೊದಲ ಮಳೆಯ ಸಂಜೆಗಳಲ್ಲಿ ಬೇವು, ಜಾಲಿಯ ಕೊಂಬೆಗಳನ್ನು ಅಲುಗಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆತ ನೀರಿಗೆ ಹಾಕಿದಲ್ಲಿ ಮೊಟ್ಟೆಯಿಡುವ ಮೊದಲೇ ಸಂತತಿ ತಗ್ಗುತ್ತದೆ. ಒಬ್ಬರ ಜಮೀನಿನಲ್ಲಿ ಮಾತ್ರ ಮಾಡಿದರೆ ಪ್ರಯೋಜನ ಅಲ್ಪ. ಊರಿನವರು ಒಟ್ಟಾಗಿ ಕೈಗೊಳ್ಳಬೇಕು.

ಯಾವುದೇ ಕೀಟನಾಶಕ ಬಳಸಿದ ನಂತರ ಅತಿಯಾದ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು ಅಥವಾ ಉಸಿರಾಟದ ತೊಂದರೆ ಕಂಡುಬಂದಲ್ಲಿ, ಬಟ್ಟೆ ಬದಲಿಸಿ, ಮೈಯನ್ನು ಸೋಪಿನಿಂದ ತೊಳೆದು, 108ಕ್ಕೆ ಕರೆ ಮಾಡಿ ವಿಳಂಬವಿಲ್ಲದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಔಷಧಿಯ ಡಬ್ಬಿ ಅಥವಾ ಚೀಟಿಯನ್ನು ವೈದ್ಯರಿಗೆ ತೋರಿಸತಕ್ಕದ್ದು.