ಎಣ್ಣೆಯ ಮೇಲೆ ಬರೆದ ದಾಖಲೆ

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ತಂಗಿಯ ಮಗನಿಗೆ ಟೆನ್‌ಪಿನ್ ಬೌಲಿಂಗ್ ಎಂಬ ಆಟದ ಹುಚ್ಚು. ಕಳೆದ ವರ್ಷ ಅವನ ಮನೆಗೆ ಹೋಗಿದ್ದಾಗ ಒಂದು ಪಂದ್ಯಾವಳಿಯನ್ನು ನೋಡಲು ನನ್ನನ್ನೂ ಕರೆದೊಯ್ದ. ಆಟಕ್ಕೆ ಮುನ್ನ ಸ್ಪರ್ಧಿಗಳಿಗೆ ಹತ್ತು ನಿಮಿಷಗಳ ಅಭ್ಯಾಸ. ಒಂದು ಜೋಡಿ ಲೇನ್‌ಗಳನ್ನು ನಾಲ್ಕಾರು ಮಂದಿ ಹಂಚಿಕೊಳ್ಳಬೇಕಾದುದರಿಂದ ಒಬ್ಬೊಬ್ಬರಿಗೆ ದಕ್ಕುವುದು ಬೆರಳೆಣಿಕೆಯ ಚೆಂಡುಗಳು ಮಾತ್ರ. ಅವನ ಎರಡನೆಯ ಚೆಂಡಿಗೆ ಹತ್ತೂ ಪಿನ್‌ಗಳು ಉರುಳಿದವು. ನಾನು ಉತ್ಸಾಹದಿಂದ ಚಪ್ಪಾಳೆ ತಟ್ಟಿದೆ. ಅವನು ತಿರುಗಿ, "ಮಾವ, ಈಗ ಚಪ್ಪಾಳೆ ಬೇಡ. ನಾನು ಪಿನ್ ನೋಡ್ತಾ ಇಲ್ಲ, ಎಣ್ಣೆ ನೋಡ್ತಾ ಇದ್ದೀನಿ" ಎಂದ.

ಯಾವ ಎಣ್ಣೆ? ಕನ್ನಡಕ ಒರೆಸಿಕೊಂಡು ನೋಡಿದರೂ ನನಗೆ ಕಂಡದ್ದು ಮಿರಮಿರನೆ ಮಿನುಗುವ ನೆಲವಷ್ಟೇ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಉತ್ತರ ಸಿಗದ ಪ್ರಶ್ನೆಯೊಂದು ಎದುರಾದರೆ ನಿದ್ರೆ ಬಾರದು. ಊರಿಗೆ ಮರಳಿದ ಮೇಲೆ ಆ ಆಟದ ಚರಿತ್ರೆಯನ್ನು ಓದತೊಡಗಿದೆ. ಓದಿದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಲೇನ್ ಎಂದರೆ ಆಟಗಾರ ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್ನಿನವರೆಗೆ 60 ಅಡಿ ಉದ್ದ, ಸುಮಾರು 41.5 ಅಂಗುಲ ಅಗಲದ ಹಾದಿ. ಅಗಲಕ್ಕೆ 39 ಹಲಗೆಗಳು. ಹಳೆಯ ಕಾಲದಲ್ಲಿ ಇವು ನಿಜವಾದ ಮರದ ಹಲಗೆಗಳೇ. ಚೆಂಡು ಬಂದು ಬೀಳುವ ಮೊದಲ ಹದಿನೈದು ಅಡಿಗೂ ಪಿನ್‌ಗಳು ನಿಲ್ಲುವ ಜಾಗಕ್ಕೂ ಗಟ್ಟಿಯಾದ ಮೇಪಲ್ ಮರ. ನಡುವೆ ಮೆದುವಾದ ಪೈನ್. ಮರದ ಮೇಲೆ ಮೊದಮೊದಲು ಅರಗಿನ ಮೆರುಗು, ಅನಂತರ ಲ್ಯಾಕರ್, ಆಮೇಲೆ ಯುರೇಥೇನ್. ಈಗಂತೂ ಬಹುತೇಕ ಕಡೆ ಮರವೇ ಇಲ್ಲ, ಕೃತಕ ಹಾಸು. ಹದಿನಾರು ಪೌಂಡುಗಳವರೆಗೆ ತೂಗುವ ಚೆಂಡು ಉಜ್ಜಿ ಉಜ್ಜಿ ಮೆರುಗು ಕಿತ್ತುಬರದಿರಲೆಂದು ಎಣ್ಣೆ ಸವರುವ ಪದ್ಧತಿ ಹುಟ್ಟಿತು. ನಮ್ಮ ಮನೆಯ ಬಾಗಿಲ ತಿರುಗಣೆಗೆ ಎಣ್ಣೆ ಬಿಡುವಂತೆ, ಕೇವಲ ರಕ್ಷಣೆಗಾಗಿ.

ಆದರೆ ಎಣ್ಣೆಯಿದ್ದಲ್ಲಿ ಚೆಂಡು ಜಾರುತ್ತದೆ, ಇಲ್ಲದಲ್ಲಿ ನೆಲವನ್ನು ಕಚ್ಚಿ ತಿರುಗುತ್ತದೆ. ಇದನ್ನು ಕಂಡುಕೊಂಡ ಮನುಷ್ಯ ಸುಮ್ಮನಿರುವನೇ? ನಡುವಿನ ಹಲಗೆಗಳಿಗೆ ಧಾರಾಳವಾಗಿ ಸುರಿದು ಅಂಚಿನ ಹಲಗೆಗಳನ್ನು ಒಣದಾಗಿ ಬಿಟ್ಟರೆ ಲೇನಿನ ಮೇಲೆ ಕಣ್ಣಿಗೆ ಕಾಣದ ಕಾಲುವೆಯೊಂದು ಸಿದ್ಧವಾಗುತ್ತದೆ. ಚೆಂಡು ಕೈತಪ್ಪಿ ಹೊರಕ್ಕೆ ಹೋದರೆ ಒಣ ನೆಲ ಅದನ್ನು ಒಳಕ್ಕೆ ತಿರುಗಿಸುತ್ತದೆ. ತಪ್ಪಿ ಒಳಕ್ಕೆ ಬಂದರೆ ಎಣ್ಣೆ ಅದನ್ನು ತಿರುಗಗೊಡದೆ ನೇರ ಒಯ್ಯುತ್ತದೆ. ಎರಡು ತಪ್ಪಿಗೂ ಒಂದೇ ಬಹುಮಾನ! ಗಿರಾಕಿಗಳು ಹೆಚ್ಚು ಅಂಕ ಗಳಿಸಿ ಹಿಗ್ಗಲಿ, ಮತ್ತೆ ಮತ್ತೆ ಬರಲಿ ಎಂಬುದು ಮಾಲೀಕರ ಲೆಕ್ಕಾಚಾರ.

ಈ ಆಟಕ್ಕೆ ಏಕರೂಪದ ನಿಯಮಗಳನ್ನು ತರಲೆಂದೇ 1895ರ ಸೆಪ್ಟೆಂಬರ್ 9ರಂದು ನ್ಯೂಯಾರ್ಕಿನಲ್ಲಿ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಎಂಬ ಸಂಸ್ಥೆ ಸ್ಥಾಪನೆಯಾಗಿತ್ತು. ಪಿನ್ನಿನ ಎತ್ತರ, ಚೆಂಡಿನ ತೂಕ, ಲೇನಿನ ಅಳತೆ ಇವೆಲ್ಲವನ್ನೂ ಅದು ಕಟ್ಟುನಿಟ್ಟಾಗಿ ಗೊತ್ತುಪಡಿಸಿತು. ಕಣ್ಣಿಗೆ ಕಾಣುವುದಕ್ಕೆ ನಿಯಮ ಮಾಡುವುದು ಸುಲಭ. ಕಾಣದ ಎಣ್ಣೆಯೇ ಅದಕ್ಕೆ ದಶಕಗಳ ಕಾಲ ತಲೆನೋವಾಯಿತು. ಚೆಂಡೂ ಬದಲಾಗುತ್ತ ಹೋಯಿತು: ರಬ್ಬರು, ಪಾಲಿಯೆಸ್ಟರ್, 1980ರ ದಶಕದ ಆರಂಭದಲ್ಲಿ ಯುರೇಥೇನ್, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್. ನಡುವೆ ಒಂದು ತಮಾಷೆಯೂ ನಡೆಯಿತು. ಡಾನ್ ಮೆಕ್ಯೂನ್ ಎಂಬ ವೃತ್ತಿಪರ ಆಟಗಾರ ತನ್ನ ಚೆಂಡನ್ನು ರಾಸಾಯನಿಕ ದ್ರಾವಣದಲ್ಲಿ ನೆನೆಹಾಕಿ ಮೆತ್ತಗೆ ಮಾಡಿಕೊಂಡು, 1973ರ ಒಂದೇ ವರ್ಷದಲ್ಲಿ ಆರು ಪ್ರಶಸ್ತಿಗಳನ್ನು ಗೆದ್ದ. ಚೆಂಡು ಎಷ್ಟು ಗಡಸಾಗಿರಬೇಕೆಂಬ ನಿಯಮ ಬಂದದ್ದು ಆಮೇಲೆ.

ಇನ್ನು ನನ್ನನ್ನು ನಿಜವಾಗಿ ಕಾಡಿದ ಪ್ರಸಂಗಕ್ಕೆ ಬರುತ್ತೇನೆ.

1982ರ ಜುಲೈ 1. ಕ್ಯಾಲಿಫೋರ್ನಿಯಾದ ಲಾ ಹಬ್ರಾ ಎಂಬ ಊರಿನ ಬೌಲಿಂಗ್ ಕೇಂದ್ರ. ಗ್ಲೆನ್ ಆಲಿಸನ್ ಎಂಬ 52ರ ಹಿರಿಯ ಆಟಗಾರ ಲೀಗ್ ಪಂದ್ಯದಲ್ಲಿ ಆಡುತ್ತಿದ್ದ. ವೃತ್ತಿಪರ ಪಂದ್ಯಾವಳಿಗಳಲ್ಲಿ ಪ್ರಶಸ್ತಿಗಳನ್ನು ಗೆದ್ದಿದ್ದವನು, ಕಾಂಗ್ರೆಸ್ಸಿನ ಗೌರವ ಪಟ್ಟಿಗೆ ಆಗಲೇ ಸೇರಿದ್ದವನು, ಹಾದಿಹೋಕನಲ್ಲ. ಒಂದು ಆಟದಲ್ಲಿ ಗಳಿಸಬಹುದಾದ ಗರಿಷ್ಠ ಅಂಕ 300. ಅದಕ್ಕೆ ಹನ್ನೆರಡು ಸಲ ಒಂದೇ ಚೆಂಡಿನಲ್ಲಿ ಹತ್ತೂ ಪಿನ್‌ಗಳನ್ನು ಉರುಳಿಸಬೇಕು. ಆಲಿಸನ್ ಅಂದು ಮೂರು ಆಟಗಳಲ್ಲೂ 300 ಗಳಿಸಿದ. ಸತತ ಮೂವತ್ತಾರು ಸ್ಟ್ರೈಕ್‌ಗಳು, ಒಟ್ಟು 900. ಕಾಂಗ್ರೆಸ್ಸಿನ ದಾಖಲೆಯಲ್ಲಿ ಅದುವರೆಗೆ ಯಾರ ಹೆಸರಿನಲ್ಲೂ ಇಲ್ಲದ ಅಂಕ.

ನಿಯಮದಂತೆ ಲೇನ್‌ಗಳ ತಪಾಸಣೆಯಾಯಿತು. ಎಣ್ಣೆಯ ಹಂಚಿಕೆ ನಿಗದಿತ ಪ್ರಮಾಣಕ್ಕೆ ಹೊಂದುತ್ತಿಲ್ಲವೆಂದು ಕಾಂಗ್ರೆಸ್ ಆ ದಾಖಲೆಯನ್ನು ಮಾನ್ಯ ಮಾಡಲಿಲ್ಲ. ಆಲಿಸನ್ ಮೋಸ ಮಾಡಿದನೆಂದು ಯಾರೂ ಹೇಳಲಿಲ್ಲ. ಎಣ್ಣೆ ಹಚ್ಚಿದವನು ಅವನಲ್ಲ. ಅದೇ ಲೇನ್‌ಗಳ ಮೇಲೆ ಅಂದು ಆಡಿದ ಬೇರೆ ಯಾರಿಗೂ 900 ಬರಲಿಲ್ಲ. ಆದರೂ ದಾಖಲೆ ದಾಖಲೆಯಾಗಲಿಲ್ಲ. ಅವನು ಹೋರಾಡಿದ, ಫಲ ಕಾಣಲಿಲ್ಲ.

ಇದನ್ನು ಓದಿದ ರಾತ್ರಿ ನನಗೆ ನೆನಪಾದದ್ದು ನನ್ನದೇ ತಪ್ಪು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಾಗ, ಅರ್ಧವಾರ್ಷಿಕ ಪರೀಕ್ಷೆಗೆ ಮುನ್ನ ಒಂದು ಹಳೆಯ ಪುಸ್ತಕದಿಂದ ಕೆಲವು ಲೆಕ್ಕಗಳನ್ನು ಒಂಬತ್ತನೆಯ ತರಗತಿಗೆ ಮಾಡಿಸಿದ್ದೆ. ಪ್ರಶ್ನೆಪತ್ರಿಕೆ ತೆಗೆದ ಸಹೋದ್ಯೋಗಿಯೂ ಅದೇ ಪುಸ್ತಕ ತೆರೆದಿದ್ದರೆಂಬುದು ನನಗೆ ತಿಳಿಯದು. ಐದು ಲೆಕ್ಕಗಳು ಹಾಗೆಯೇ ಬಂದವು. ವಿಷಯ ಹೊರಬಿದ್ದಾಗ ನಾನೇ ಮುಖ್ಯೋಪಾಧ್ಯಾಯರಲ್ಲಿಗೆ ಹೋಗಿ ಮರುಪರೀಕ್ಷೆ ಮಾಡಿಸಿದೆ. ಮೊದಲ ಸಲ ನೂರಕ್ಕೆ ನೂರು ತೆಗೆದಿದ್ದ ಹುಡುಗನೊಬ್ಬ ಎರಡನೆಯದರಲ್ಲಿ ತೊಂಬತ್ತೊಂದು ತೆಗೆದ. ತರಗತಿಗೆ ಆಗಲೂ ಅವನೇ ಮೊದಲಿಗ. ಆದರೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸಾರ್, ಮೊದಲನೇದ್ರಲ್ಲಿ ನಾನು ಮಾಡಿದ್ದು ತಪ್ಪಾಗಿತ್ತಾ?" ಎಂದು ಕೇಳಿದ. ತಪ್ಪಿರಲಿಲ್ಲವೆಂದೆ. "ಮತ್ತೆ ಯಾಕೆ ಸಾರ್?" ಎಂದ. ನಿಯಮ ಎಂದೆ. ಅವನು ತಲೆಯಾಡಿಸಿ ಹೊರಟುಹೋದ. ಮರುಪರೀಕ್ಷೆ ಸರಿಯಾದುದೆಂದೇ ನಾನು ಇಂದಿಗೂ ನಂಬಿದ್ದೇನೆ. ಆದರೆ ಆ ಮೊದಲ ಉತ್ತರಪತ್ರಿಕೆಯನ್ನು ಅವನಿಗೆ ಮರಳಿ ಕೊಡಬೇಕಿತ್ತು, ಕೆಂಪು ಶಾಯಿಯ ಆ ನೂರನ್ನು ಹೊಡೆದುಹಾಕಬಾರದಿತ್ತು ಎಂದು ಅನ್ನಿಸುತ್ತಲೇ ಇರುತ್ತದೆ.

ಆಲಿಸನ್ನನ ನಂತರ ಹದಿನಾಲ್ಕು ವರ್ಷಗಳಿಗೂ ಮಿಕ್ಕಿ ಕಾಲ ಸರಿಯಿತು. 1997ರ ಫೆಬ್ರವರಿ 2ರಂದು ನೆಬ್ರಾಸ್ಕಾದ ಲಿಂಕನ್ ನಗರದಲ್ಲಿ ಜೆರೆಮಿ ಸೋನೆನ್‌ಫೆಲ್ಡ್ ಎಂಬ ಕಾಲೇಜು ವಿದ್ಯಾರ್ಥಿ 900 ಗಳಿಸಿದಾಗ ಅದಕ್ಕೆ ಮಾನ್ಯತೆ ದೊರೆಯಿತು. ಅನಂತರ ಹಲವರು ಆ ಪಟ್ಟಿ ಸೇರಿದ್ದಾರೆ. ಅಮೆರಿಕದ ಆಟಗಾರರಲ್ಲಿ ಮಾತ್ರ 'ಮಿಸ್ಟರ್ 900' ಎಂಬ ಬಿರುದು ಆಲಿಸನ್ನನಿಗೇ ನಿಂತಿತು.

ಈಗ ಎಣ್ಣೆಯನ್ನು ಯಂತ್ರಗಳು ಹಚ್ಚುತ್ತವೆ. ಎಷ್ಟು ಅಡಿ, ಯಾವ ಹಲಗೆಗೆ ಎಷ್ಟು ಎಂಬುದರ ನಕ್ಷೆಯನ್ನು ಎಷ್ಟೋ ಪಂದ್ಯಾವಳಿಗಳಲ್ಲಿ ಮೊದಲೇ ಪ್ರಕಟಿಸುತ್ತಾರೆ. ಕಠಿಣ ಸ್ಪರ್ಧೆಗಳಲ್ಲಿ ನಡುವಿನ ಎಣ್ಣೆ ಅಂಚಿನದರ ಮೂರು ಪಟ್ಟನ್ನು ಮೀರದಂತೆ ನೋಡಿಕೊಳ್ಳುತ್ತಾರೆ. ಸಾಮಾನ್ಯ ಗಿರಾಕಿಗಳ ಲೇನಿನಲ್ಲಿ ಅದು ಹತ್ತು ಪಟ್ಟೂ ಇರಬಹುದು. ನಕ್ಷೆಯಿದ್ದ ಮೇಲೆ ಅಭ್ಯಾಸದ ಹತ್ತು ನಿಮಿಷವೇಕೆ? ಈ ಪ್ರಶ್ನೆಯನ್ನು ಅಳಿಯನಿಗೆ ಫೋನಿನಲ್ಲಿ ಕೇಳಿದೆ. ಒಂದೇ ನಕ್ಷೆಯಾದರೂ ಅಕ್ಕಪಕ್ಕದ ಲೇನ್‌ಗಳು ಒಂದೇ ರೀತಿ ವರ್ತಿಸುವುದಿಲ್ಲವಂತೆ. ಹಾಸಿನ ಸವೆತ, ತಗ್ಗುದಿಣ್ಣೆ, ಕೋಣೆಯ ತೇವ ಎಲ್ಲವೂ ಸೇರುತ್ತವೆ. ಎಣ್ಣೆಯ ಉದ್ದದಲ್ಲಿ ಮೂವತ್ತೊಂದನ್ನು ಕಳೆದರೆ ಚೆಂಡು ಎಣ್ಣೆ ದಾಟುವಾಗ ಯಾವ ಹಲಗೆಯ ಬಳಿ ಇರಬೇಕೆಂಬ ಅಂದಾಜು ಸಿಗುತ್ತದೆ. 41 ಅಡಿಯಾದರೆ ಹತ್ತನೆಯ ಹಲಗೆ. ಅದು ಅಂದಾಜು ಮಾತ್ರ. ಆದ್ದರಿಂದ ಮೊದಲ ಚೆಂಡು ಆ ಲೆಕ್ಕದಂತೆ, ಎರಡನೆಯದು ಬೇಕೆಂದೇ ಒಂದೆರಡು ಹಲಗೆ ಹೊರಕ್ಕೆ, ಮೂರನೆಯದು ಒಳಕ್ಕೆ. ಪಿನ್ ಎಷ್ಟು ಬಿದ್ದವೆಂಬುದಲ್ಲ, ಚೆಂಡು ಎಲ್ಲಿ ತಿರುಗಿತೆಂಬುದು ಮುಖ್ಯ. ಅನಂತರ ಪಕ್ಕದ ಲೇನಿನಲ್ಲಿ ಅದೇ ಪಾಠ. ಪ್ಲಾಸ್ಟಿಕ್ ಚೆಂಡಿನಿಂದ ಮೂಲೆಯ ಪಿನ್ನಿಗೆ ಒಂದು. ಉಳಿದ ವೇಳೆಯೆಲ್ಲ ಇತರರ ಚೆಂಡುಗಳನ್ನು ನೋಡುವುದು, ಅದಕ್ಕೆ ಖರ್ಚಿಲ್ಲ.

"ಇನ್ನೊಂದರ್ಧ ಗಂಟೆ ಕೊಟ್ಟರೇನು ನಷ್ಟ?" ಎಂದೆ.

"ಮಾವ, ಪ್ರತಿ ಚೆಂಡೂ ಸ್ವಲ್ಪ ಎಣ್ಣೆ ಎತ್ತಿಕೊಂಡು ಹೋಗುತ್ತೆ. ಹೆಚ್ಚು ಹೊತ್ತು ಓದ್ತಾ ಕೂತ್ರೆ ಓದಿದ್ದೇ ಅಳಿಸಿಹೋಗುತ್ತೆ" ಎಂದ.

ನಾನು ಚಪ್ಪಾಳೆ ತಟ್ಟಿದ ಆ ಎರಡನೆಯ ಚೆಂಡಿನ ವಿಷಯವನ್ನೂ ಕೇಳಿದೆ. ಅದು ಹೊರಕ್ಕೆ ಎಸೆದ ಚೆಂಡು. ಹಿಂದಿರುಗಿ ಬರಬಾರದಿತ್ತು, ಬಂತು. ಅಂಚು ಒಣಗಿದೆಯೆಂದು ತಿಳಿದದ್ದು ಆಗಲೇ. ಆ ಗೆರೆಯನ್ನು ನಂಬಿ ಮೊದಲ ಆಟದಲ್ಲಿ ಚೆನ್ನಾಗಿ ಆಡಿದ. ಎರಡನೆಯದರಲ್ಲಿ ಎಲ್ಲರೂ ಅದೇ ಗೆರೆಯಲ್ಲಿ ಎಸೆದು ಎಣ್ಣೆ ಸವೆದುಹೋಗಿತ್ತು. ಇವನು ಒಳಕ್ಕೆ ಸರಿಯುವುದು ಎರಡು ಫ್ರೇಮ್ ತಡವಾಯಿತು. ಅಂದು ಅವನಿಗೆ ಹದಿನೇಳನೆಯ ಸ್ಥಾನ ಬಂತು. ಮುಂದಿನ ಸಲ ಬರುವಾಗ ದುರ್ಬೀನು ತರುತ್ತೇನೆಂದಿದ್ದೇನೆ.