ಬಳಸುವವರೇ ಕಟ್ಟಿದ ಸಮ್ಮೇಳನ

ಪರ್ತ್, ಬ್ರಿಸ್ಬೇನ್, ಅಡಿಲೇಡ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗೋದು ಕ್ರಿಕೆಟ್: ವಾಕಾ, ಗಾಬಾ, ಅಡಿಲೇಡ್ ಓವಲ್. ಆದರೆ ಈ ಮೂರು ಊರುಗಳಿಗೆ ಇನ್ನೊಂದು ನಂಟೂ ಇದೆ. 2002ರಲ್ಲಿ ಬ್ರಿಸ್ಬೇನ್, 2003ರಲ್ಲಿ ಪರ್ತ್, 2004ರಲ್ಲಿ ಅಡಿಲೇಡ್, ಹೀಗೆ ಸಾಲಾಗಿ ಮೂರು ವರ್ಷ ಒಂದೇ ಸಮ್ಮೇಳನ ಈ ಮೂರೂ ಕಡೆ ನಡೆಯಿತು. ಅದರ ಹೆಸರು ಲಿನಕ್ಸ್ ಡಾಟ್ ಕಾನ್ಫ್ ಡಾಟ್ ಎಯು. ಅದನ್ನು ನಡೆಸಿದ್ದು ಯಾವ ಕಂಪನಿಯೂ ಅಲ್ಲ. ಲಿನಕ್ಸ್ ಬಳಸುವವರು, ಬರೆಯುವವರು ಸಂಬಳವಿಲ್ಲದೆ ನಡೆಸಿದರು.

ನೀವು ಆಫೀಸಿನಲ್ಲಿ ಎಸ್‌ಎಪಿ, ಒರಾಕಲ್ ಅಥವಾ ಲಿನಕ್ಸ್ ಸರ್ವರ್ ಜೊತೆ ದಿನಾ ಏಗುವವರಾಗಿದ್ದರೆ ಇಂಥ ಬಳಕೆದಾರರ ಕೂಟಗಳ ಹೆಸರು ಕೇಳಿಯೇ ಇರ್ತೀರಿ. ಸೇಲ್ಸ್‌ನವರ ಜಾತ್ರೆ ಅಂದ್ಕೊಂಡು ಸುಮ್ಮನಾಗಿರಲೂಬಹುದು. ಆದರೆ ಈ ಕೂಟಗಳ ಬೇರು ಇರೋದು ಮಾರುವವರ ಕಡೆ ಅಲ್ಲ. ಸ್ವಲ್ಪ ಹಿಂದಕ್ಕೆ ಹೋಗೋಣ.

1955. ಅಮೆರಿಕದ ಲಾಸ್ ಏಂಜಲಿಸ್ ಸುತ್ತಮುತ್ತಲಿನ ವಿಮಾನ ಕಂಪನಿಗಳು ಐಬಿಎಂ 701 ಕಂಪ್ಯೂಟರ್ ಬಳಸುತ್ತಿದ್ದವು. ಹೊಸದಾದ 704 ಬರುವುದರಲ್ಲಿತ್ತು. ಆಗ ಸಾಫ್ಟ್‌ವೇರ್ ಅನ್ನೋದು ಅಂಗಡಿಯಲ್ಲಿ ಸಿಗೋ ಸಾಮಾನಲ್ಲ. ಸಣ್ಣಪುಟ್ಟ ಲೆಕ್ಕದ ಪ್ರೋಗ್ರಾಮನ್ನೂ ಪ್ರತಿ ಕಂಪನಿ ತಾನೇ ಬರೆದುಕೊಳ್ಳಬೇಕಿತ್ತು. ಅಂದ್ರೆ ಒಂದೇ ಬಾವಿಯನ್ನ ಹತ್ತು ಮನೆಯವರು ಹತ್ತು ಸಲ ತೋಡಿದ ಹಾಗೆ. ಬೇಸತ್ತ ಎಂಜಿನಿಯರುಗಳು ಆಗಸ್ಟ್‌ನಲ್ಲಿ ಸಾಂಟಾ ಮೋನಿಕಾದ ರ‍್ಯಾಂಡ್ ಕಾರ್ಪೊರೇಷನ್‌ನಲ್ಲಿ ಸೇರಿದರು. ವಿಮಾನ ಮಾರುವಾಗ ಅವರ ಕಂಪನಿಗಳು ಎದುರಾಳಿಗಳು. ಆದರೂ ಬರೆದ ಪ್ರೋಗ್ರಾಮುಗಳನ್ನು ಹಂಚಿಕೊಳ್ಳೋಣ, ಐಬಿಎಂ ಜೊತೆ ಒಂದೇ ದನಿಯಲ್ಲಿ ಮಾತಾಡೋಣ ಅಂತ ಒಪ್ಪಿಕೊಂಡರು. ಆ ಕೂಟಕ್ಕೆ ‘ಶೇರ್’ ಅಂತಲೇ ಹೆಸರಿಟ್ಟರು. ಅದು ಇವತ್ತಿಗೂ ಇದೆ.

ಆಸ್ಟ್ರೇಲಿಯಾದ ಕಥೆ ಒಬ್ಬ ಮೇಷ್ಟ್ರಿಂದ ಶುರುವಾಗುತ್ತೆ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಲಯನ್ಸ್ ಎಂಬ ಪ್ರಾಧ್ಯಾಪಕರು 1970ರ ದಶಕದಲ್ಲಿ ಯುನಿಕ್ಸ್‌ನ ಆರನೇ ಆವೃತ್ತಿಯ ಮೂಲ ಕೋಡ್‌ಗೆ ಒಂದು ವ್ಯಾಖ್ಯಾನ ಬರೆದರು. ಹಳೆಯ ಕಾವ್ಯಕ್ಕೆ ಟೀಕೆ ಬರೀತಾರಲ್ಲ, ಹಾಗೆ. ಮುಂದೆ ಯುನಿಕ್ಸ್ ಒಡೆತನದ ಎಟಿ ಅಂಡ್ ಟಿ ಅದರ ಹಂಚಿಕೆಗೆ ಕಟ್ಟುಪಾಡು ಹಾಕಿತು. ಜನ ಜೆರಾಕ್ಸ್ ಮಾಡಿಸಿಕೊಂಡು ಕೈಯಿಂದ ಕೈಗೆ ದಾಟಿಸಿದರು. ಪುಸ್ತಕವಾಗಿ ಎಲ್ಲರ ಕೈಗೆ ಸಿಕ್ಕಿದ್ದು 1996ರಲ್ಲಿ. ಲಯನ್ಸ್ ಕಟ್ಟಲು ನೆರವಾದ ಆಸ್ಟ್ರೇಲಿಯನ್ ಯುನಿಕ್ಸ್ ಬಳಕೆದಾರರ ಗುಂಪು ದೂರದೂರದ ಊರುಗಳಲ್ಲಿ ಒಂಟಿಯಾಗಿ ಕೆಲಸ ಮಾಡುತ್ತಿದ್ದವರನ್ನು ಒಂದೆಡೆ ಸೇರಿಸಿತು.

ಲಿನಕ್ಸ್ ಬಂದ ಮೇಲೆ ಅದೇ ದಾರಿ ಮುಂದುವರಿಯಿತು. 1999ರಲ್ಲಿ ರಸ್ಟಿ ರಸೆಲ್ ಎಂಬ ಪ್ರೋಗ್ರಾಮರ್ ತನ್ನ ಸ್ವಂತ ಕ್ರೆಡಿಟ್ ಕಾರ್ಡ್ ನೆಚ್ಚಿಕೊಂಡು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾದ ಲಿನಕ್ಸ್ ಬಳಕೆದಾರರ ಮೊದಲ ಸಮ್ಮೇಳನ ಮಾಡಿದರು. 2001ರಲ್ಲಿ ಅದು ಹೊಸ ಹೆಸರಿನಲ್ಲಿ ಸಿಡ್ನಿಗೆ ಹೋಯಿತು. ಆಮೇಲೆ ಊರೂರು ಸುತ್ತತೊಡಗಿತು.

ಇದು ನಮಗೆ ಗೊತ್ತಿಲ್ಲದ ಪದ್ಧತಿಯೇನಲ್ಲ. ಕನ್ನಡ ಸಾಹಿತ್ಯ ಸಮ್ಮೇಳನ 1915ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, 1917ರಲ್ಲಿ ಮೈಸೂರಿಗೆ, 1918ರಲ್ಲಿ ಧಾರವಾಡಕ್ಕೆ ಹೋಯಿತು. ಊರಿಗೆ ಬಂದ ಸಮ್ಮೇಳನಕ್ಕೆ ಊರಿನವರೇ ದುಡಿಯಬೇಕು. ಇಲ್ಲೂ ಹಾಗೇ. ‘ಈ ಸಲ ನಮ್ಮೂರಲ್ಲಿ ಮಾಡ್ತೀವಿ’ ಅಂತ ಸ್ಥಳೀಯ ಗುಂಪುಗಳು ಮುಂದೆ ಬರುತ್ತಿದ್ದವು. ಹಿಂದಿನ ವರ್ಷಗಳಲ್ಲಿ ನಡೆಸಿದವರು ಹೊಸಬರ ಜೊತೆ ಕೂತು ಬುದ್ಧಿ ಹೇಳುತ್ತಿದ್ದರು. ಅವರಿಗೆ ‘ದೆವ್ವಗಳು’ ಅಂತ ತಮಾಷೆಯ ಹೆಸರು! ಅಡಿಲೇಡ್‌ನಲ್ಲಂತೂ ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಅವರನ್ನೇ ಧರ್ಮಕಾರ್ಯಕ್ಕೆ ಹಣ ಎತ್ತಲು ನೀರಿನ ತೊಟ್ಟಿಗೆ ಬೀಳಿಸಿದರು.

ನಗು ಇರಲಿ. ಬಳಸುವವರ ಮಾತಿಗೆ ಯಾಕೆ ಬೆಲೆ ಕೊಡಬೇಕು ಅಂತ ಕೇಳಿದರೆ, ಬ್ರಿಸ್ಬೇನ್ ಒಂದು ಕಹಿ ಉತ್ತರ ಕೊಡುತ್ತೆ. 2010ರ ಮಾರ್ಚ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ಆರೋಗ್ಯ ಇಲಾಖೆ ಎಸ್‌ಎಪಿ ಮತ್ತು ವರ್ಕ್‌ಬ್ರೇನ್ ಸೇರಿಸಿ ಕಟ್ಟಿದ ಹೊಸ ಸಂಬಳದ ವ್ಯವಸ್ಥೆಯನ್ನು ಚಾಲೂ ಮಾಡಿತು. ಸುಮಾರು 78,000 ನೌಕರರ ಸಂಬಳ ಅದರ ಮೇಲೆ ನಿಂತಿತ್ತು. ಸಾವಿರಾರು ಜನಕ್ಕೆ ಸಂಬಳ ಕಡಿಮೆ ಬಂತು, ಹೆಚ್ಚು ಬಂತು, ಕೆಲವರಿಗೆ ಬರಲೇ ಇಲ್ಲ. 2013ರಲ್ಲಿ ರಿಚರ್ಡ್ ಚೆಸ್ಟರ್‌ಮನ್ ಅವರ ವಿಚಾರಣಾ ಆಯೋಗ ಕಾರಣಗಳನ್ನು ಬಿಡಿಸಿಟ್ಟಿತು. ಏನೇನು ಬೇಕು ಅನ್ನೋದನ್ನೇ ಮೊದಲು ಸರಿಯಾಗಿ ಗೊತ್ತುಮಾಡಿಕೊಂಡಿರಲಿಲ್ಲ. ಪರೀಕ್ಷೆಯಲ್ಲಿ ದೋಷಗಳು ಕಂಡಿದ್ದರೂ ಚಾಲೂ ಮಾಡಿದ್ದರು. ಒಟ್ಟು ಖರ್ಚಿನ ಅಂದಾಜು 120 ಕೋಟಿ ಡಾಲರ್. ಬಳಕೆದಾರರ ಕೂಟವೊಂದು ಇದ್ದಿದ್ದರೆ ಇದು ತಪ್ಪುತ್ತಿತ್ತು ಅಂತ ನಾನು ಹೇಳೋದಿಲ್ಲ. ಆದರೆ ‘ಇದು ನಮ್ಮಲ್ಲಿ ಹೀಗೆ ಕೆಟ್ಟಿತ್ತು, ಹುಷಾರು’ ಅಂತ ಒಬ್ಬರಿಗೊಬ್ಬರು ಬಿಚ್ಚಿ ಹೇಳೋದಕ್ಕೆ ಮಾರಾಟದ ಮೇಜಿನ ಆಚೆಗೆ ಒಂದು ಜಾಗ ಬೇಕಲ್ವಾ?

ಅಂಥ ಜಾಗವನ್ನು ಕಾಪಾಡೋದು ಹೇಗೆ ಅನ್ನೋದಕ್ಕೂ ಬ್ರಿಸ್ಬೇನೇ ಸಾಕ್ಷಿ. 2011ರ ಜನವರಿಯಲ್ಲಿ ಲಿನಕ್ಸ್ ಸಮ್ಮೇಳನ ಮತ್ತೆ ಅಲ್ಲಿಗೆ ಬರಬೇಕಿತ್ತು. ಜನವರಿ 13ರಂದು ನದಿ ಉಕ್ಕಿ ಊರು ಮುಳುಗಿತು. ನದಿದಂಡೆಯಲ್ಲಿದ್ದ ಗಾರ್ಡನ್ಸ್ ಪಾಯಿಂಟ್ ಆವರಣ ಕೈಬಿಟ್ಟಿತು. ಸ್ವಯಂಸೇವಕರು ಇಡೀ ಸಮ್ಮೇಳನವನ್ನು ಕೆಲ್ವಿನ್ ಗ್ರೋವ್‌ಗೆ ಎತ್ತಿಕೊಂಡು ಹೋದರು. 24ಕ್ಕೆ ಹೇಳಿದ ದಿನದಂದೇ ಶುರುವಾಯಿತು. ಅಂತರಜಾಲದ ಆದ್ಯರಲ್ಲಿ ಒಬ್ಬರಾದ ವಿಂಟ್ ಸರ್ಫ್ ಬಂದು ಮಾತಾಡಿದರು.

ಇದೇ ಹೊತ್ತಿಗೆ ನಮ್ಮ ಬೆಂಗಳೂರಿನಲ್ಲೂ ಒಂದು ಹಬ್ಬ ನಡೀತಿತ್ತು. 2001ರಲ್ಲಿ ಲಿನಕ್ಸ್ ಬೆಂಗಳೂರು ಅಂತ ಹುಟ್ಟಿ, 2005ರಿಂದ ಫಾಸ್ ಡಾಟ್ ಇನ್ ಅಂತ ಹೆಸರಾಗಿ, 2012ರಲ್ಲಿ ನಿಂತಿತು. ಆಸ್ಟ್ರೇಲಿಯಾದ್ದು 2014ರಲ್ಲಿ ಮತ್ತೊಮ್ಮೆ ಪರ್ತ್‌ಗೂ ಹೋಗಿಬಂತು. ಆದರೆ 2021 ಮತ್ತು 2022ರಲ್ಲಿ ಪರದೆಯ ಮೇಲಷ್ಟೇ ನಡೆದು ಆ ಹೆಸರಿನಲ್ಲಿ ಮುಗಿಯಿತು. 2023ರಿಂದ ಎವೆರಿಥಿಂಗ್ ಓಪನ್ ಎಂಬ ಹೊಸ ಸಮ್ಮೇಳನ ಆ ಜಾಗದಲ್ಲಿ ಬಂದಿದೆ. 2025ರ ಜನವರಿಯಲ್ಲಿ ಅದು ಅಡಿಲೇಡ್‌ನಲ್ಲಿ ಸೇರಿತು. ಇಂಥ ಕೂಟಗಳು ತಾವಾಗಿ ಬದುಕೋದಿಲ್ಲ, ನೋಡಿ. ಹಳೆ ಕೈ ಸೋತಾಗ ಹೊಸ ಕೈ ಬೇಕು.

ಇಲ್ಲೇ ನಿಮ್ಮ ವಿಷಯ ಬರೋದು. ಹೊಸದಾಗಿ ಬಂದವರನ್ನು ಇಲ್ಲಿನ ಕೆಲಸದಾತರು ಕೇಳುವ ಮಾತು ಒಂದೇ: ‘ಲೋಕಲ್ ಎಕ್ಸ್‌ಪೀರಿಯೆನ್ಸ್ ಇದೆಯಾ?’ ಪರ್ತ್‌ನಲ್ಲಿದ್ದರೆ ಕಷ್ಟ ಇನ್ನೂ ಹೆಚ್ಚು. ಅಡಿಲೇಡ್‌ಗೆ ನೇರ ಗೆರೆ ಎಳೆದರೂ 2,000 ಕಿ.ಮೀ. ದಾಟುತ್ತೆ. ಅಂಥ ಊರಲ್ಲಿ ತಿಂಗಳಿಗೊಮ್ಮೆ ಸೇರುವ ಹತ್ತಿಪ್ಪತ್ತು ಜನರ ಗುಂಪಿನಲ್ಲಿ ನಿಮ್ಮ ಕೆಲಸ ನೋಡಿದವರು ಇಬ್ಬರಿದ್ದರೂ ಸಾಕು, ನಿಮ್ಮ ಪರವಾಗಿ ಮಾತಾಡೋಕೆ ಜನ ಆಯ್ತು.

ಆದರೆ ನಮ್ಮವರು ಇಂಥಲ್ಲಿ ಹಿಂದಿನ ಸಾಲಲ್ಲಿ ಕೂತು, ಊಟ ಮಾಡಿ ಬಂದುಬಿಡ್ತಾರೆ. ವಿಚಿತ್ರ ಅಂದ್ರೆ, ಅದೇ ಜನ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡ್ತಾರೆ, ಮೈಕ್ ಕಟ್ತಾರೆ, ಮುನ್ನೂರು ಜನಕ್ಕೆ ಬಿಸಿಬೇಳೆಬಾತ್ ಬಡಿಸ್ತಾರೆ. ಸಮ್ಮೇಳನಕ್ಕೆ ಬೇಕಾಗಿರೋದೂ ಇಂಥ ಕೆಲಸವೇ. ನೋಂದಣಿ ಮೇಜಿನಲ್ಲಿ ನಿಲ್ಲೋರು ಬೇಕು, ಕ್ಯಾಮೆರಾ ಹಿಡಿಯೋರು ಬೇಕು. ನಿಮ್ಮ ಆಫೀಸಿನಲ್ಲಿ ಒಂದು ಅಪ್‌ಗ್ರೇಡ್ ಎಲ್ಲಿ ಕೈಕೊಟ್ಟಿತು, ಹೇಗೆ ಸರಿಮಾಡಿದಿರಿ ಅಂತ, ಗುಟ್ಟಿನ ವಿಷಯ ಬಿಟ್ಟು, ಐದು ನಿಮಿಷ ಹೇಳೋರು ಬೇಕು. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ. ಅದೇ ತೊಂದರೆಯಲ್ಲಿ ಸಿಕ್ಕಿಕೊಂಡವರು ನಿಮ್ಮ ಉಚ್ಚಾರಣೆ ಎಣಿಸ್ತಾ ಕೂರೋದಿಲ್ಲ. ಪೆನ್ನು ತೆಗೆದು ಬರ್ಕೊತಾರೆ.